ಹಳೇ ಕಾರಿನ ಮೂತಿ ಇಳಿಸುವ ಮುನ್ನ ಬಂಪ್ ಸ್ಟಾಪ್ ನೋಡಿ

ಪ್ರಶ್ನೆ: ನನ್ನ ಹತ್ತಿರ 1960ರ ದಶಕದ ಒಂದು ಸೆಡಾನ್ ಇದೆ. ಮುಂದೆ ಡಬಲ್ ವಿಶ್‌ಬೋನ್ (ಚಕ್ರವನ್ನು ಚಾಸಿಗೆ ಹಿಡಿಯುವ, ಮೇಲೊಂದು ಕೆಳಗೊಂದು ಕವಲು ತೋಳು) ಮತ್ತು ಕಾಯಿಲ್ ಸ್ಪ್ರಿಂಗ್, ಹಿಂದೆ ಲೀಫ್ ಸ್ಪ್ರಿಂಗ್. ತೂಕ ಸುಮಾರು 1000 ಕೆಜಿ. ಮುಂಭಾಗ ತುಂಬಾ ಎತ್ತರ, ಮೂತಿ ಮೇಲೆತ್ತಿಕೊಂಡು ನಿಂತ ಹಾಗೆ ಕಾಣುತ್ತದೆ. ಅದನ್ನು 2 ಇಂಚು ಇಳಿಸುವ ಆಸೆ. ಸ್ಪ್ರಿಂಗಿನ ಒಂದೂವರೆ ಸುತ್ತು ಕತ್ತರಿಸಿದರೆ ಕೆಲಸ ಮುಗೀತು ಎನ್ನುತ್ತಾರೆ ಒಬ್ಬ ಮೆಕ್ಯಾನಿಕ್. ಮುಟ್ಟಲೇಬೇಡಿ, ಕಾರು ಹಾಳಾಗುತ್ತೆ ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತನ್ನೂ ಸ್ವಲ್ಪ ಹೊತ್ತು ಬದಿಗಿಡಿ. ಮುಂಭಾಗ ಇಳಿಸಬಹುದು. ಚೆನ್ನಾಗಿ ಇಳಿಸಿದರೆ ಕಾರು ನೋಡಲಿಕ್ಕೂ ಚೆಂದ, ಓಡಿಸಲಿಕ್ಕೂ ಹಿತ. ಆದರೆ "2 ಇಂಚು" ಎನ್ನುವ ಲೆಕ್ಕ ನಿಮ್ಮ ಕಣ್ಣಿನಿಂದ ಬಂದದ್ದು. ಅದು ಬರಬೇಕಾದದ್ದು ಕಾರಿನ ಅಡಿಯಿಂದ, ಬಂಪ್ ಸ್ಟಾಪ್ ಇರುವ ಜಾಗದಿಂದ.

ಬಂಪ್ ಸ್ಟಾಪ್ ಅಂದರೆ ಕೆಳಗಿನ ವಿಶ್‌ಬೋನ್ ಪೂರ್ತಿ ಮೇಲೆ ಬಂದಾಗ ಚಾಸಿಗೆ ಬಡಿಯದ ಹಾಗೆ ತಡೆಯುವ ರಬ್ಬರ್ ಗುಬಟು. ಕಾರು ಸುಮ್ನೆ ನಿಂತಿರುವಾಗ ಆ ರಬ್ಬರಿಗೂ ಅದು ತಾಗುವ ಜಾಗಕ್ಕೂ ನಡುವೆ ಒಂದಿಷ್ಟು ಖಾಲಿ ಜಾಗ ಇರುತ್ತದೆ. ಗುಂಡಿ, ಉಬ್ಬು, ಬ್ರೇಕು, ತಿರುವು ಎಲ್ಲವನ್ನೂ ನಿಮ್ಮ ಕಾರು ನುಂಗಿಕೊಳ್ಳುವುದು ಆ ಜಾಗದಲ್ಲೇ. ಕಾರನ್ನು ಇಳಿಸುವುದು ಎಂದರೆ ಆ ಜಾಗದಿಂದ ಕಿತ್ತುಕೊಳ್ಳುವುದು. ಬೇರೆ ಎಲ್ಲಿಂದಲೂ ಸಿಗುವುದಿಲ್ಲ. ಒಂದೇ ಒಂದು ವಿಧಾನ ಮಾತ್ರ ಇದಕ್ಕೆ ಹೊರತು, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಪ್ರಶ್ನೆ: ನಿಮ್ಮ ಕಾರಿನ ಮುಂಭಾಗ ನಿಜವಾಗಿಯೂ ಎತ್ತರ ಇದೆಯಾ? ಹೀಗೆ ಕೇಳುವುದಕ್ಕೆ ಕಾರಣ ಇದೆ. "ಮೂತಿ ಎತ್ತರ" ಎಂದು ನನ್ನ ಬಳಿ ಬಂದ ಎಷ್ಟೋ ಕಾರುಗಳಲ್ಲಿ ತಪ್ಪು ಮುಂದೆ ಇರಲಿಲ್ಲ. ಹಿಂದಿನ ಲೀಫ್ ಸ್ಪ್ರಿಂಗ್ ವಯಸ್ಸಾಗಿ ಕುಸಿದಿತ್ತು. ಹಿಂಬದಿ ಇಳಿದರೆ ಮೂತಿ ಮೇಲೆದ್ದ ಹಾಗೆ ಕಾಣುತ್ತದೆ ಅಲ್ವಾ? ಅಲ್ಲಿ ಮುಂದೆ ಸ್ಪ್ರಿಂಗ್ ಕತ್ತರಿಸಿದರೆ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂರುತ್ತದೆ.

ಎರಡನೇ ಕಾರಣ ರಬ್ಬರ್ ಬುಷ್‌ಗಳು. ಹಳೇ ಕಾರುಗಳ ವಿಶ್‌ಬೋನ್ ಬುಷ್‌ಗಳಲ್ಲಿ ಎಷ್ಟೋ ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿಸಿದ ರಬ್ಬರ್. ಅವು ತಿರುಗುವುದಿಲ್ಲ, ತಿರುಚಿಕೊಳ್ಳುತ್ತವೆ. ಕಾರನ್ನು ಜ್ಯಾಕ್ ಮೇಲೆತ್ತಿ, ಚಕ್ರ ಕೆಳಗೆ ನೇತಾಡುತ್ತಿರುವಾಗಲೇ ಬೋಲ್ಟ್ ಬಿಗಿದರೆ ರಬ್ಬರ್ ಆ ಕೋನದಲ್ಲೇ ಹಿಡಿದುಕೊಳ್ಳುತ್ತದೆ. ಕಾರು ನೆಲಕ್ಕೆ ಬಂದ ಮೇಲೂ ಆ ಬುಷ್‌ಗಳೆಲ್ಲ ಸೇರಿ ಮೂತಿಯನ್ನು ಮೇಲೆ ತಳ್ಳುತ್ತಲೇ ಇರುತ್ತವೆ. ನಿಮ್ಮ ಕಾರಿಗೆ ಇತ್ತೀಚೆಗೆ ಬುಷ್ ಬದಲಾಯಿಸಿದ್ದರೆ ಮೊದಲು ಇದನ್ನು ನೋಡಿ. ಚಕ್ರಗಳ ಮೇಲೆ ಕಾರಿನ ಪೂರ್ತಿ ಭಾರ ಬಿಟ್ಟು, ಬೋಲ್ಟ್ ಸಡಿಲಿಸಿ, ಕಾರನ್ನು ನಾಲ್ಕೈದು ಸಲ ಒತ್ತಿ ಕುಣಿಸಿ, ಮತ್ತೆ ಬಿಗಿಯಿರಿ. ಏನೂ ಕತ್ತರಿಸದೆ, ಏನೂ ಕೊಳ್ಳದೆ ಮೂತಿ ಇಳಿದದ್ದನ್ನು ನಾನು ಕಂಡಿದ್ದೇನೆ.

ಮೂರನೆಯದು, ಬೇರೆ ಮಾದರಿಯ ಸ್ಪ್ರಿಂಗ್ ಬಿದ್ದಿರುವುದು, ಅಥವಾ ಸ್ಪ್ರಿಂಗಿನ ಮೇಲೆ ಯಾರೋ ಹಿಂದೆ ಯಾವಾಗಲೋ ಹಾಕಿದ ಪ್ಯಾಕಿಂಗ್ ಬಿಲ್ಲೆ ಉಳಿದಿರುವುದು. ಟಾರ್ಚ್ ಹಿಡಿದು ಸ್ಪ್ರಿಂಗ್ ಕೂರುವ ಬಟ್ಟಲಿನೊಳಗೆ ನೋಡಿದರೆ ಗೊತ್ತಾಗುತ್ತದೆ.

ಅಳತೆ ಹಿಡಿಯುವಾಗ ನೆಲದಿಂದ ಮಡ್‌ಗಾರ್ಡ್‌ವರೆಗೆ ಅಳೆಯಬೇಡಿ. ಟೈರಿನ ಗಾಳಿ, ಟೈರಿನ ಸವೆತ ಎರಡೂ ಅದರಲ್ಲಿ ಸೇರಿಕೊಳ್ಳುತ್ತವೆ. ಚಕ್ರದ ನಟ್ಟನಡುವಿನಿಂದ ನೇರ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ನಾಲ್ಕೂ ಮೂಲೆ. ಅರ್ಧ ಟ್ಯಾಂಕ್ ಪೆಟ್ರೋಲ್ ಇರಲಿ, ಚಾಲಕರ ಸೀಟಿನಲ್ಲಿ ನಿಮ್ಮ ತೂಕದ ಒಬ್ಬರು ಕೂತಿರಲಿ. ಅದನ್ನು ಆ ಕಾರಿನ ವರ್ಕ್‌ಶಾಪ್ ಕೈಪಿಡಿಯಲ್ಲಿರುವ ಎತ್ತರದ ಜೊತೆ ಹೋಲಿಸಿ.

ಸರಿ, ಇಷ್ಟೆಲ್ಲ ನೋಡಿದ ಮೇಲೂ ಇಳಿಸಬೇಕು ಅನ್ನಿಸಿದರೆ ಮುಂದಿನ ಮಾತು.

ಮೆಕ್ಯಾನಿಕ್ ಹೇಳಿದ "ಒಂದೂವರೆ ಸುತ್ತು" ಏನು ಮಾಡುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ನಿಮ್ಮ ಕಾರಿನ ಗಾತ್ರಕ್ಕೆ ಹೊಂದುವ ಒಂದು ಉದಾಹರಣೆ ಹಿಡಿಯುತ್ತೇನೆ. ನಿಮ್ಮ ಕಾರಿನ ನಿಜವಾದ ಅಂಕಿ ಸ್ವಲ್ಪ ಆಚೀಚೆ ಇರಬಹುದು, ದಾರಿ ಒಂದೇ. ಒಂದೊಂದು ಮುಂದಿನ ಸ್ಪ್ರಿಂಗ್ ಹೊರುವ ಪಾಲು, ಚಕ್ರದ ಲೆಕ್ಕದಲ್ಲಿ, 230 ಕೆಜಿ ಇರಲಿ. ಸ್ಪ್ರಿಂಗಿನಲ್ಲಿ ಕೆಲಸ ಮಾಡುವ ಸುತ್ತು 8. ಕಾರಿನ ಭಾರ ಹೊತ್ತು ನಿಂತಾಗ ಅದರ ಎತ್ತರ 200 ಮಿಮೀ, ಹೊರಗೆ ತೆಗೆದಿಟ್ಟರೆ 304 ಮಿಮೀ. ಬಂಪ್ ಸ್ಟಾಪ್ ತಾಗುವ ಮುನ್ನ ಚಕ್ರ ಮೇಲೇರಲು 75 ಮಿಮೀ ಜಾಗ ಇದೆ.

ಈಗ ತುಂಬಾ ಜನ ಮರೆಯುವ ಒಂದು ವಿಷಯ. ಸ್ಪ್ರಿಂಗ್ ಚಕ್ರದ ಮೇಲೆ ಕೂತಿಲ್ಲ. ವಿಶ್‌ಬೋನಿನ ನಡುವೆ ಎಲ್ಲೋ ಕೂತಿದೆ. ಒಳಗಿನ ಕೀಲಿನಿಂದ ಸ್ಪ್ರಿಂಗಿನ ನಡುವಿಗೆ ಇರುವ ದೂರ, ಅದೇ ಕೀಲಿನಿಂದ ಬಾಲ್ ಜಾಯಿಂಟಿಗೆ (ಹೊರತುದಿಯಲ್ಲಿ ಚಕ್ರದ ಕಡೆಯ ಕೀಲು) ಇರುವ ದೂರದ 60 ಶೇಕಡಾ ಎಂದುಕೊಳ್ಳಿ. ಆಗ ಚಕ್ರ 10 ಮಿಮೀ ಮೇಲೆ ಹೋದರೆ ಸ್ಪ್ರಿಂಗ್ ಕುಗ್ಗುವುದು ಸುಮಾರು 6 ಮಿಮೀ. ತಿರುಗಿಸಿ ಹೇಳಿದರೆ, ಸ್ಪ್ರಿಂಗಿನಲ್ಲಿ 6 ಮಿಮೀ ತೆಗೆದರೆ ಕಾರು 10 ಮಿಮೀ ಇಳಿಯುತ್ತದೆ.

ಭಾರ ಹೊತ್ತ ಸ್ಪ್ರಿಂಗಿನಲ್ಲಿ ಒಂದು ಸುತ್ತಿಗೆ 25 ಮಿಮೀ. ಒಂದು ಸುತ್ತು ತೆಗೆದರೆ ಚಕ್ರದ ಹತ್ತಿರ 25 ಅಲ್ಲ, 42 ಮಿಮೀ ಇಳಿಯುತ್ತದೆ. ಒಂದೂವರೆ ಸುತ್ತು ತೆಗೆದರೆ 62 ಮಿಮೀ. ನೀವು ಕೇಳಿದ್ದು 2 ಇಂಚು, ಸಿಕ್ಕಿದ್ದು ಎರಡೂವರೆ. ಉಳಿದ ಜಾಗ 75ರಲ್ಲಿ 62 ಕಳೆದು ಬರೀ 13 ಮಿಮೀ. ಅಂದರೆ ಒಂದು ಹೆಬ್ಬೆರಳಿನ ದಪ್ಪಕ್ಕಿಂತ ಕಡಿಮೆ.

ಕತ್ತರಿಸಿದ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಅದು ಕಾಪಾಡುತ್ತೆ ಎನ್ನುವ ವಾದ ಇದೆ. ಗಟ್ಟಿಯಾಗುವುದು ನಿಜ. ಸುತ್ತು ಕಡಿಮೆಯಾದಷ್ಟೂ ಗಡಸುತನ ಅದೇ ಪ್ರಮಾಣದಲ್ಲಿ ಏರುತ್ತದೆ. 8 ಸುತ್ತು ಆರೂವರೆ ಆದರೆ 23 ಶೇಕಡಾ ಜಾಸ್ತಿ. ಸಾಕಾ? ಮೊದಲಿನ ಸ್ಪ್ರಿಂಗ್ ಬಂಪ್ ಸ್ಟಾಪ್ ಮುಟ್ಟಬೇಕಾದರೆ ಆ ಚಕ್ರದ ಮೇಲೆ ಸುಮಾರು 100 ಕೆಜಿ ಹೆಚ್ಚುವರಿ ಭಾರ ಬೀಳಬೇಕಿತ್ತು. ಕತ್ತರಿಸಿದ ಮೇಲೆ 21 ಕೆಜಿ ಬಿದ್ದರೂ ಸಾಕು, ರಬ್ಬರ್ ಮುಟ್ಟಿತು. 1000 ಕೆಜಿಯ ಕಾರು, ಎರಡೂವರೆ ಮೀಟರ್ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ), ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿ ಭಾರದ ಕೇಂದ್ರ. ಇಂಥ ಕಾರಿನಲ್ಲಿ 0.5 ಜಿ, ಅಂದರೆ ಗುರುತ್ವದ ಅರ್ಧದಷ್ಟು ಬ್ರೇಕ್ ಒತ್ತಿದರೆ ಹಿಂದಿನಿಂದ ಮುಂದಕ್ಕೆ 100 ಕೆಜಿ ಭಾರ ವರ್ಗವಾಗುತ್ತದೆ, ಚಕ್ರಕ್ಕೆ 50 ಕೆಜಿ. ಅಂದರೆ ನುಣುಪಾದ ರಸ್ತೆಯಲ್ಲಿ ಸ್ವಲ್ಪ ಜೋರಾಗಿ ಬ್ರೇಕ್ ಹಾಕಿದರೂ ನಿಮ್ಮ ಮುಂಭಾಗ ಸ್ಪ್ರಿಂಗ್ ಮೇಲೆ ಇರುವುದಿಲ್ಲ, ರಬ್ಬರ್ ಗುಬಟಿನ ಮೇಲೆ ಕೂತಿರುತ್ತದೆ.

ಇದು ಬರೀ ಕುಲುಕಾಟದ ವಿಷಯ ಅಲ್ಲ. ತಿರುವಿನಲ್ಲಿ ಹೊರಗಿನ ಚಕ್ರ ಬಂಪ್ ಸ್ಟಾಪಿಗೆ ತಾಗಿದ ಕ್ಷಣ ಮುಂಭಾಗದ ಗಡಸುತನ ಒಮ್ಮೆಲೇ ಹಲವು ಪಟ್ಟು ಏರುತ್ತದೆ. ಆ ಟೈರಿನ ಮೇಲೆ ಭಾರ ದಿಢೀರನೆ ಬೀಳುತ್ತದೆ, ಹಿಡಿತ ಬಿಟ್ಟುಹೋಗುತ್ತದೆ. ನೀವು ಸ್ಟೀರಿಂಗ್ ತಿರುಗಿಸಿದ್ದೀರಿ, ಕಾರು ನೇರ ಹೋಗುತ್ತಿದೆ. ನಾನು ಈ ಕೆಲಸ ಕಲಿಯುವ ದಿನಗಳಲ್ಲಿ ನನ್ನದೇ ಕಾರಿಗೆ ಹೀಗೆ ಮಾಡಿ, ಒದ್ದೆ ರಸ್ತೆಯ ಒಂದು ತಿರುವಿನಲ್ಲಿ ಅದನ್ನು ಅನುಭವಿಸಿದ್ದೇನೆ. ಪಕ್ಕದಲ್ಲಿ ನನ್ನ ತಂಗಿ ಕೂತಿದ್ದಳು. ಯಾರಿಗೂ ಏನೂ ಆಗಲಿಲ್ಲ. ಮಾರನೇ ದಿನವೇ ಆ ಸ್ಪ್ರಿಂಗ್ ಬಿಚ್ಚಿದೆ. ಬಂಪ್ ಸ್ಟಾಪ್ ಕೂರುವ ಬ್ರಾಕೆಟ್ಟಿನ ಬೆಸುಗೆ ಬಿರುಕು ಬಿಟ್ಟಿತ್ತು.

ಇನ್ನೊಂದು ಅಪಾಯ ಇದಕ್ಕಿಂತ ಸದ್ದಿಲ್ಲದ್ದು. ಕಾರನ್ನು ಜ್ಯಾಕ್ ಮೇಲೆತ್ತಿದಾಗ, ಅಥವಾ ದೊಡ್ಡ ಉಬ್ಬು ದಾಟಿ ಚಕ್ರ ಪೂರ್ತಿ ಕೆಳಗೆ ಇಳಿದಾಗ, ಸ್ಪ್ರಿಂಗ್ ಕೂರುವ ಎರಡು ಬಟ್ಟಲುಗಳ ನಡುವಿನ ದೂರ ಹೆಚ್ಚಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಚಕ್ರ 80 ಮಿಮೀ ಕೆಳಗಿಳಿಯಬಲ್ಲದು ಎಂದರೆ ಆ ದೂರ 248 ಮಿಮೀ. ಮೂಲ ಸ್ಪ್ರಿಂಗ್ 304 ಮಿಮೀ, ಹಾಗಾಗಿ ಆಗಲೂ ಬಿಗಿಯಾಗಿಯೇ ಇರುತ್ತದೆ. ಒಂದೂವರೆ ಸುತ್ತು ಕತ್ತರಿಸಿದ ಸ್ಪ್ರಿಂಗಿನ ಪೂರ್ತಿ ಉದ್ದ 247. ಅದು ಸಡಿಲವಾಯಿತು. ಬಟ್ಟಲಿನಲ್ಲಿ ತಿರುಗಬಹುದು, ಓರೆಯಾಗಿ ಕೂರಬಹುದು. ಚಕ್ರ ಕೆಳಗೆ ನೇತಾಡುವಾಗ ಸ್ಪ್ರಿಂಗನ್ನು ಕೈಯಲ್ಲಿ ಅಲುಗಾಡಿಸಲು ಬಂದರೆ ಆ ಸ್ಪ್ರಿಂಗ್ ಆ ಕಾರಿನಲ್ಲಿ ಇರಬಾರದು. ಈ ಒಂದು ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಆಗುವುದಿಲ್ಲ.

ಹಾಗಾದರೆ ಕತ್ತರಿಸುವುದು ಯಾವಾಗಲೂ ತಪ್ಪೇ? ಅಲ್ಲ. ಸ್ಪ್ರಿಂಗಿನ ತುದಿ ಸುತ್ತಿನ ಓಟದಲ್ಲೇ ಕೊನೆಯಾಗಿದ್ದರೆ, ಬಟ್ಟಲಿನಲ್ಲಿ ಅದಕ್ಕೆ ಸರಿಯಾದ ಮೆಟ್ಟಿಲು ಇದ್ದರೆ, ಕಾಲು ಸುತ್ತು, ಜಾಸ್ತಿ ಅಂದರೆ ಅರ್ಧ ಸುತ್ತು ತೆಗೆಯಬಹುದು. ನಮ್ಮ ಲೆಕ್ಕದಲ್ಲಿ ಅರ್ಧ ಸುತ್ತು ಅಂದರೆ 21 ಮಿಮೀ. ತುದಿಯನ್ನು ಒತ್ತಿ ಚಪ್ಪಟೆ ಮಾಡಿದ ಸ್ಪ್ರಿಂಗ್, ಅಥವಾ ತುದಿಗೆ ಹೋಗುತ್ತಾ ಸುತ್ತು ಸಣ್ಣದಾಗುವ ಸ್ಪ್ರಿಂಗ್ ಆದರೆ ಕತ್ತರಿಸಲೇಬಾರದು, ಮತ್ತೆ ಅದು ನೆಟ್ಟಗೆ ಕೂರುವುದಿಲ್ಲ. ಕತ್ತರಿಸುವುದಾದರೆ ಗ್ರೈಂಡರಿನ ತೆಳು ಡಿಸ್ಕ್, ನಡುನಡುವೆ ನೀರು. ಗ್ಯಾಸ್ ಕಟ್ಟರ್ ಹತ್ತಿರಕ್ಕೂ ಬರಬಾರದು. ಸ್ಪ್ರಿಂಗಿನ ಉಕ್ಕಿಗೆ ಅದರ ಗುಣ ಬಂದಿರುವುದೇ ಹದವಾಗಿ ಕಾಯಿಸಿ ತಣಿಸಿದ್ದರಿಂದ. ಬೆಂಕಿ ಇಟ್ಟ ಜಾಗದಲ್ಲಿ ಆ ಹದ ಹೋಗುತ್ತದೆ. ಆಮೇಲೆ ಅದು ಅಲ್ಲೇ ಕುಸಿಯುತ್ತದೆ, ಇಲ್ಲವೇ ಅಲ್ಲೇ ಮುರಿಯುತ್ತದೆ. ಸ್ಪ್ರಿಂಗ್ ಕಾರಿನಲ್ಲಿ ಇರುವಾಗಲೇ ಒಂದು ಸುತ್ತನ್ನು ಕೆಂಪಗೆ ಕಾಯಿಸಿ ಕಾರನ್ನು ಕೂರಿಸುವ ಪದ್ಧತಿಯೂ ಇದೆ. ದಯವಿಟ್ಟು ಮಾಡಬೇಡಿ, ಮಾಡಿಸಬೇಡಿ.

ನಿಮ್ಮ ಕಾರಿನಂಥ ಕೆಲವು ಮಾದರಿಗಳಲ್ಲಿ ಸ್ಪ್ರಿಂಗಿನ ಕೆಳಗಿನ ಬಟ್ಟಲು ಒಂದು ಬೇರೆ ತಟ್ಟೆ. ವಿಶ್‌ಬೋನಿನ ಎರಡು ತೋಳುಗಳಿಗೆ ಅದನ್ನು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಅಂಥದ್ದಾದರೆ ನಿಮಗೆ ಒಂದು ಒಳ್ಳೇ ದಾರಿ ಇದೆ. ತೋಳಿಗೂ ತಟ್ಟೆಗೂ ನಡುವೆ ಗಟ್ಟಿ ಲೋಹದ ಸ್ಪೇಸರ್ ಇಟ್ಟು ತಟ್ಟೆಯನ್ನೇ ಕೆಳಗಿಳಿಸುವುದು. 15 ಮಿಮೀ ಸ್ಪೇಸರ್ ಹಾಕಿದರೆ ಕಾರು 25 ಮಿಮೀ ಇಳಿಯುತ್ತದೆ. ಸ್ಪ್ರಿಂಗ್ ಹಾಗೇ ಇರುತ್ತದೆ, ನೇತಾಡುವಾಗಲೂ ಬಿಗಿಯಾಗಿರುತ್ತದೆ. ಬೇಡ ಅನ್ನಿಸಿದರೆ ಒಂದು ಮಧ್ಯಾಹ್ನದಲ್ಲಿ ಹಿಂದಿನ ಹಾಗೆ ಮಾಡಬಹುದು. ಹಳೇ ಕಾರಿನ ವಿಷಯದಲ್ಲಿ ಹಿಂದಕ್ಕೆ ಹೋಗಲು ಬರುವ ಬದಲಾವಣೆಗೆ ನಾನು ಯಾವಾಗಲೂ ಹೆಚ್ಚು ಬೆಲೆ ಕೊಡುತ್ತೇನೆ. ಬೋಲ್ಟ್ ಮಾತ್ರ ಸ್ಪೇಸರಿನಷ್ಟೇ ಉದ್ದ ಹೆಚ್ಚಿರಬೇಕು, ಬಲದಲ್ಲಿ 8.8 ದರ್ಜೆಗೆ ಕಡಿಮೆ ಇರಬಾರದು.

ಇದಕ್ಕಿಂತ ಮೇಲಿನದು, ಅಳತೆ ಕೊಟ್ಟು ಮಾಡಿಸಿದ ಗಿಡ್ಡ, ಗಟ್ಟಿ ಸ್ಪ್ರಿಂಗ್. ಎಷ್ಟು ಗಟ್ಟಿ? 30 ಮಿಮೀ ಇಳಿಸಿದರೆ ನಮ್ಮ ಉದಾಹರಣೆಯಲ್ಲಿ 45 ಮಿಮೀ ಜಾಗ ಉಳಿಯುತ್ತದೆ. ಮೊದಲಿನಷ್ಟೇ 100 ಕೆಜಿ ಮೀಸಲು ಬೇಕು ಎಂದರೆ ಸ್ಪ್ರಿಂಗ್ ಮೂರನೇ ಎರಡರಷ್ಟು ಹೆಚ್ಚು ಗಟ್ಟಿ ಇರಬೇಕು. ದಿನಾ ಓಡಿಸುವ ಕಾರಿಗೆ ಅದು ಅತಿ. 30ರಿಂದ 35 ಶೇಕಡಾ ಹೆಚ್ಚು ಗಟ್ಟಿ ಇಟ್ಟು, ರಬ್ಬರ್ ಗುಬಟಿನ ಬದಲು ಹಂತಹಂತವಾಗಿ ಗಟ್ಟಿಯಾಗುವ ಮೆತ್ತನೆ ಬಂಪ್ ಸ್ಟಾಪ್ ಹಾಕುವುದು ನನ್ನ ಆಯ್ಕೆ. ಬಂಪ್ ಸ್ಟಾಪನ್ನೇ ಕಿತ್ತು ಎಸೆದು ಜಾಗ ಮಾಡಿಕೊಳ್ಳುವವರಿದ್ದಾರೆ. ಆಗ ಶಾಕ್ ಅಬ್ಸಾರ್ಬರ್ ಒಳಗೇ ತಳ ಬಡಿದು ಒಡೆಯುತ್ತದೆ, ಇಲ್ಲವೇ ಲೋಹಕ್ಕೆ ಲೋಹ ಬಡಿಯುತ್ತದೆ.

ಇಲ್ಲಿ ಸ್ವಲ್ಪ ನಿಂತು ಒಂದು ಹಳೇ ಪಾಠ ಹೇಳಬೇಕು. ಮಾರಿಸ್ ಓಲಿ ಎಂಬ ಎಂಜಿನಿಯರ್ 1930ರ ದಶಕದಲ್ಲಿ ಜನರಲ್ ಮೋಟರ್ಸ್‌ನಲ್ಲಿ ಕಾರಿನ ಕುಲುಕಾಟವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದರು. ಅವರು ಕಂಡುಕೊಂಡದ್ದು ಇದು: ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ಮೆತ್ತಗಿದ್ದು, ಮುಂಭಾಗ ನಿಧಾನವಾಗಿ ತೂಗಬೇಕು. ಉಬ್ಬು ಮೊದಲು ತಾಗುವುದು ಮುಂದಿನ ಚಕ್ರಕ್ಕೆ. ಹಿಂದಿನದು ತಡವಾಗಿ ಶುರುಮಾಡಿದರೂ ಬೇಗ ತೂಗುವುದರಿಂದ ಮುಂದಿನದನ್ನು ಹಿಡಿದುಬಿಡುತ್ತದೆ. ಆಮೇಲೆ ಇಡೀ ಕಾರು ಒಂದೇ ಸಮ ಏರಿ ಇಳಿಯುತ್ತದೆ. ಮುಂದೆ ಮಾತ್ರ ಗಟ್ಟಿ ಮಾಡಿ ಹಿಂದೆ ಮೆತ್ತಗೆ ಬಿಟ್ಟರೆ ಕಾರು ತಕ್ಕಡಿ ಹಾಗೆ ಹಿಂದೆಮುಂದೆ ಆಡುತ್ತದೆ. ಹೊಟ್ಟೆ ತೊಳಸುವುದು ಅದರಿಂದಲೇ. ನಿಮ್ಮ ಕಾರಿನ ಮುಂಭಾಗ ಸೆಕೆಂಡಿಗೆ 1.2 ಸಲ ತೂಗುತ್ತಿದ್ದರೆ, 35 ಶೇಕಡಾ ಗಟ್ಟಿ ಸ್ಪ್ರಿಂಗ್ ಅದನ್ನು 1.4ಕ್ಕೆ ಒಯ್ಯುತ್ತದೆ. ಅಲ್ಲಿಗೆ ಹೆಚ್ಚುಕಡಿಮೆ ಹಿಂಬದಿಯ ಸಮಕ್ಕೆ ಬಂದಿರುತ್ತೀರಿ. ಅದಕ್ಕೂ ಮುಂದೆ ಹೋಗುವ ಆಸೆ ಇದ್ದರೆ ಹಿಂದಿನ ಸ್ಪ್ರಿಂಗನ್ನೂ ಜೊತೆಗೆ ಯೋಚಿಸಬೇಕು.

ಗಟ್ಟಿ ಸ್ಪ್ರಿಂಗಿಗೆ ಹಳೇ ಶಾಕ್ ಸಾಲುವುದಿಲ್ಲ. ಅದರ ಹಿಡಿತವೂ ಏರಬೇಕು, ಆದರೆ ಸ್ಪ್ರಿಂಗಿನಷ್ಟೇ ಅಲ್ಲ, ಅದರ ವರ್ಗಮೂಲದಷ್ಟು. ಸ್ಪ್ರಿಂಗ್ 35 ಶೇಕಡಾ ಏರಿದರೆ ಶಾಕ್ 16 ಶೇಕಡಾ. ಸುಮ್ನೆ ಅತಿ ಗಟ್ಟಿ ಶಾಕ್ ಹಾಕಿ ಕಾರನ್ನು ಕಟ್ಟಿಗೆ ಮಾಡಿಕೊಳ್ಳಬೇಡಿ. ಶಾಕಿನ ಉದ್ದವೂ ನೋಡಿ. ಬಂಪ್ ಸ್ಟಾಪ್ ಪೂರ್ತಿ ಅದುಮಿದಾಗಲೂ ಶಾಕಿನ ಕೋಲು ಇನ್ನೊಂದಿಷ್ಟು ಒಳಹೋಗುವಂತೆ ಇರಬೇಕು.

ಮೊದಲು "ಒಂದೇ ಒಂದು ವಿಧಾನ" ಎಂದೆನಲ್ಲ, ಅದು ಡ್ರಾಪ್ ಸ್ಪಿಂಡಲ್. ಸ್ಟಬ್ ಆಕ್ಸಲ್ಲನ್ನು (ಚಕ್ರ ಕೂತು ತಿರುಗುವ ಗಿಡ್ಡ ಕೋಲು) ಎರಡು ಬಾಲ್ ಜಾಯಿಂಟ್‌ಗಳ ನಡುವೆ ಮೊದಲಿಗಿಂತ ಮೇಲೆ ಕೂರಿಸಿದ ಬೇರೆ ತುಂಡು ಅದು. ವಿಶ್‌ಬೋನು, ಸ್ಪ್ರಿಂಗು, ಟೈ ರಾಡು (ಸ್ಟೀರಿಂಗಿನ ಚಲನೆಯನ್ನು ಚಕ್ರಕ್ಕೆ ಒಯ್ಯುವ ಕೋಲು), ಬಂಪ್ ಸ್ಟಾಪಿನ ಜಾಗ ಎಲ್ಲವೂ ಮೊದಲಿನ ಕೋನದಲ್ಲೇ ಉಳಿಯುತ್ತವೆ. ಕಾರು ಮಾತ್ರ ಕೆಳಗೆ ಬರುತ್ತದೆ. ನಿಮ್ಮ ಕಾರಿಗೆ ಇದು ಸಿಗುವುದಾದರೆ, ನಿಮಗೆ ನಿಜವಾಗಿಯೂ 2 ಇಂಚೇ ಬೇಕಾದರೆ, ಇದನ್ನೇ ಹಾಕಿಸಿ. ದುಬಾರಿ, ಆದರೆ ಸರಿಯಾದದ್ದು. ಹಾಕಿದ ಮೇಲೆ ಚಕ್ರವನ್ನು ಕೈಯಲ್ಲಿ ತಿರುಗಿಸಿ ಕೆಳಗಿನ ಬಾಲ್ ಜಾಯಿಂಟ್, ಟೈ ರಾಡ್ ತುದಿ ರಿಮ್ಮಿನ ಒಳಮೈಗೆ ತಾಗುತ್ತದಾ ನೋಡಿ. ಟೈರ್ ಪೂರ್ತಿ ಗಾಳಿ ಬಿಟ್ಟರೂ ಸಸ್ಪೆನ್ಷನ್ನಿನ ಯಾವ ಭಾಗವೂ ರಿಮ್ಮಿಗಿಂತ ಕೆಳಗೆ ಬಂದು ನೆಲ ಕೆರೆಯಬಾರದು. ಮೂಲ ಸ್ಪಿಂಡಲ್ಲನ್ನೇ ಕತ್ತರಿಸಿ ಬೆಸುಗೆ ಹಾಕಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಆ ತುಂಡು ಮುರಿದರೆ ಚಕ್ರ ಕಾರಿನಿಂದ ಬೇರೆಯಾಗುತ್ತದೆ.

ಉಳಿದ ಯಾವ ವಿಧಾನದಲ್ಲಿ ಇಳಿಸಿದರೂ ಕೋನಗಳು ಬದಲಾಗುತ್ತವೆ. ಇಲ್ಲಿ ಅಚ್ಚರಿಯ ಒಂದು ಸಂಗತಿ ಇದೆ. ಕಾರು ಕೆಳಗಿದ್ದಷ್ಟೂ ತಿರುವಿನಲ್ಲಿ ಕಡಿಮೆ ವಾಲುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಎಷ್ಟೋ ಸಲ ಆಗುವುದು ಉಲ್ಟಾ. ಕಾರಿನ ಮೈ ತಿರುವಿನಲ್ಲಿ ಒಂದು ಬಿಂದುವಿನ ಸುತ್ತ ವಾಲುತ್ತದೆ, ಅದಕ್ಕೆ ರೋಲ್ ಸೆಂಟರ್ ಎನ್ನುತ್ತಾರೆ. ಆ ಬಿಂದು ಎಲ್ಲಿದೆ ಎಂದು ತೀರ್ಮಾನಿಸುವುದು ವಿಶ್‌ಬೋನ್‌ಗಳ ಓರೆ. ಕಾರು ಇಳಿದಾಗ ವಿಶ್‌ಬೋನಿನ ಹೊರತುದಿ ಮೇಲಕ್ಕೆ ಬರುತ್ತದೆ, ರೋಲ್ ಸೆಂಟರ್ ಕೆಳಗೆ ಜಾರುತ್ತದೆ. ಕಾರಿನ ಭಾರದ ಕೇಂದ್ರ 50 ಮಿಮೀ ಇಳಿದರೆ ರೋಲ್ ಸೆಂಟರ್ ಅದಕ್ಕಿಂತ ಜಾಸ್ತಿ ಇಳಿದಿರಬಹುದು. ಎರಡರ ನಡುವಿನ ದೂರ ಹೆಚ್ಚಾದರೆ ವಾಲಿಸುವ ಸನ್ನೆ ಉದ್ದವಾದ ಹಾಗೆ. ತೀರಾ ಕೆಳಗಿರುವ ಕಾರು ತಿರುವಿನಲ್ಲಿ ಮೊದಲಿಗಿಂತ ಹೆಚ್ಚು ವಾಲುವುದು ಇದರಿಂದ. ನಿಮಗೆ ಬೇಕಾಗಿರುವುದು ವಾಲಾಟ ಕಡಿಮೆ ಮಾಡುವುದೇ ಆದರೆ, ಸ್ವಲ್ಪ ದಪ್ಪನೆಯ ಆಂಟಿ ರೋಲ್ ಬಾರ್ (ಎಡ, ಬಲ ಚಕ್ರಗಳ ತೋಳುಗಳನ್ನು ಜೋಡಿಸುವ ಸರಳು) ಹಾಕಿ, ಎತ್ತರವನ್ನು ಹಾಗೇ ಬಿಡಿ. ಅದು ಎಷ್ಟೋ ಮೇಲು.

ಟೈ ರಾಡಿನದ್ದೂ ಇದೇ ಕಥೆ. ಅದು ಮೇಲೆಕೆಳಗೆ ಆಡುವ ಕಮಾನು ವಿಶ್‌ಬೋನಿನ ಕಮಾನಿಗೆ ಹೊಂದುವಂತೆ ಮೂಲ ಎತ್ತರದಲ್ಲಿ ಜೋಡಿಸಿರುತ್ತಾರೆ. ಇಳಿಸಿದ ಮೇಲೆ ಎರಡೂ ಬೇರೆ ದಾರಿ ಹಿಡಿಯುತ್ತವೆ. ಪ್ರತಿ ಉಬ್ಬಿಗೂ ಚಕ್ರ ತಾನಾಗಿ ಒಂದಿಷ್ಟು ಒಳಕ್ಕೋ ಹೊರಕ್ಕೋ ತಿರುಗುತ್ತದೆ. ಇದೇ ಬಂಪ್ ಸ್ಟೀರ್. ಸ್ಟೀರಿಂಗ್ ಅಲುಗಾಡದಂತೆ ಹಿಡಿದಿದ್ದರೂ ಕಾರು ರಸ್ತೆಯನ್ನು ಮೂಸುತ್ತಾ ಹೋದ ಹಾಗೆ ಅನ್ನಿಸುತ್ತದೆ. ಸ್ಪ್ರಿಂಗ್ ಹೇಗೂ ಹೊರಗೆ ತೆಗೆದಿರುತ್ತೀರಲ್ಲ, ಆಗಲೇ ಇದನ್ನು ಅಳೆದುಬಿಡಿ. ಕಾರು ಸ್ಟ್ಯಾಂಡ್ ಮೇಲಿರಲಿ, ಸ್ಟೀರಿಂಗ್ ಕಟ್ಟಿಹಾಕಿ. ಹಬ್ಬಿಗೆ (ಚಕ್ರ ಬಿಗಿಯುವ ನಡುಭಾಗ) ಒಂದು ನೇರ ಪಟ್ಟಿ ಬಿಗಿದು, ವಿಶ್‌ಬೋನನ್ನು ಜ್ಯಾಕಿನಿಂದ 10 ಮಿಮೀ ಎತ್ತುತ್ತಾ ಹೋಗಿ. ಪ್ರತಿ ಸಲವೂ ಪಟ್ಟಿಯ ಮುಂದಿನ ತುದಿ ಮತ್ತು ಹಿಂದಿನ ತುದಿ ನೆಲಕ್ಕೆ ಎಳೆದ ಒಂದು ನೇರ ಗೆರೆಯಿಂದ ಎಷ್ಟು ದೂರ ಇವೆ ಎಂದು ಬರೆದುಕೊಳ್ಳಿ. ಹೊಸ ಎತ್ತರದ ಆಸುಪಾಸಿನಲ್ಲಿ ಅಂಕಿ ಬೇಗಬೇಗ ಬದಲಾಗುತ್ತಿದ್ದರೆ ಇಳಿಸುವ ಅಳತೆ ಕಡಿಮೆ ಮಾಡಿ.

ಇನ್ನು ಕ್ಯಾಸ್ಟರ್, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಯಾವ ಅಕ್ಷದ ಸುತ್ತ ತಿರುಗುತ್ತದೋ ಅದು ಹಿಂದಕ್ಕೆ ವಾಲಿರುವ ಕೋನ. ಮುಂಭಾಗ ಮಾತ್ರ ಇಳಿಸಿದರೆ ಇಡೀ ಕಾರು ಮುಂದಕ್ಕೆ ಬಾಗುತ್ತದೆ. ಎರಡೂವರೆ ಮೀಟರ್ ವೀಲ್‌ಬೇಸಿಗೆ 50 ಮಿಮೀ ಅಂದರೆ ಸುಮಾರು 1.1 ಡಿಗ್ರಿ. ಅಷ್ಟೇ ಕ್ಯಾಸ್ಟರ್ ಕಳೆದುಹೋಗುತ್ತದೆ. ಹಳೇ ಕಾರುಗಳಲ್ಲಿ ಮೊದಲೇ ಕ್ಯಾಸ್ಟರ್ ಕಡಿಮೆ ಇರುವುದು ಮಾಮೂಲಿ, ಹಾಗಾಗಿ ವೇಗದಲ್ಲಿ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಎದ್ದು ಕಾಣುವಷ್ಟು ಕುಗ್ಗುತ್ತದೆ. ಹೆಡ್‌ಲೈಟ್ ಕೂಡ ಅಷ್ಟೇ ಬಾಗುತ್ತದೆ, 10 ಮೀಟರಿನಲ್ಲಿ ಬೆಳಕು 20 ಸೆಂಮೀ ಕೆಳಗೆ ಬೀಳುತ್ತದೆ. ರಾತ್ರಿ ಓಡಿಸುವ ಮುನ್ನ ಅದನ್ನು ಸರಿ ಮಾಡಿಕೊಳ್ಳಿ.

ನಿಮ್ಮದಲ್ಲದ ಬಗೆಯ ಕಾರು ಇರುವವರಿಗೆ ಎರಡು ಮಾತು. 1948ರ ಮಾರಿಸ್ ಮೈನರ್, 1961ರ ಜಾಗ್ವಾರ್ ಇ ಟೈಪ್ ತರಹ ಟಾರ್ಷನ್ ಬಾರ್ (ಕಾಯಿಲ್ ಸ್ಪ್ರಿಂಗಿನ ಬದಲು ತಿರುಚಿಕೊಳ್ಳುವ ಉಕ್ಕಿನ ಸರಳು) ಇದ್ದರೆ ಬಾರನ್ನು ತಿರುಗಿಸಿ ಕೂರಿಸಿದರೆ ಎತ್ತರ ಬದಲಾಗುತ್ತದೆ. ಇದು ಸುಲಭ, ಅದಕ್ಕೇ ಅತಿ ಮಾಡುವವರು ಹೆಚ್ಚು. ಬಾರ್ ಗಟ್ಟಿಯಾಗುವುದಿಲ್ಲ, ಬಂಪ್ ಸ್ಟಾಪ್ ಮಾತ್ರ ಹತ್ತಿರ ಬರುತ್ತದೆ. ಮ್ಯಾಕ್‌ಫರ್ಸನ್ ಸ್ಟ್ರಟ್ (ಮೇಲಿನ ತೋಳಿನ ಬದಲು ಸ್ಪ್ರಿಂಗ್, ಶಾಕ್ ಸೇರಿದ ಒಂದೇ ಕಂಬ) ಇರುವ ಕಾರಿನಲ್ಲಿ ಕೆಳಗಿನ ತೋಳು ನೆಲಕ್ಕೆ ಸಮಾನಾಂತರ ಇರುವ ಮಟ್ಟ ದಾಟಿ ಮೇಲೆ ಹೋಗದಂತೆ ನೋಡಿಕೊಳ್ಳಿ. ಅದಕ್ಕಿಂತ ಮೇಲೆ ಹೋದರೆ ರೋಲ್ ಸೆಂಟರ್ ಬೇಗ ಕುಸಿಯುತ್ತದೆ, ಚಕ್ರದ ಓರೆಯೂ ಬೇಡದ ದಿಕ್ಕಿಗೆ ತಿರುಗುತ್ತದೆ.

ಸ್ಪ್ರಿಂಗ್ ಬಿಚ್ಚುವ ಕೆಲಸ ನೀವೇ ಮಾಡುವುದಾದರೆ ಇದನ್ನು ಎರಡು ಸಲ ಓದಿ. ಕಾರಿನಲ್ಲಿರುವ ಸ್ಪ್ರಿಂಗ್ ನಮ್ಮ ಉದಾಹರಣೆಯಲ್ಲಿ 380 ಕೆಜಿ ಬಲದಿಂದ ಒತ್ತುತ್ತಿದೆ. ಚಕ್ರ ಪೂರ್ತಿ ನೇತಾಡುವಾಗಲೂ ಅದರ ಅರ್ಧಕ್ಕಿಂತ ಜಾಸ್ತಿ ಬಲ ಒಳಗೇ ಇರುತ್ತದೆ. ಬಾಲ್ ಜಾಯಿಂಟ್ ಬಿಚ್ಚಿದ ಕ್ಷಣ ಅದೆಲ್ಲ ಹೊರಗೆ ಬರಲು ನೋಡುತ್ತದೆ. ಚಾಸಿಯ ಕೆಳಗೆ ಗಟ್ಟಿ ಆಕ್ಸಲ್ ಸ್ಟ್ಯಾಂಡ್ ಇರಲಿ, ಬರೀ ಜ್ಯಾಕ್ ನಂಬಬೇಡಿ. ಸ್ಪ್ರಿಂಗ್ ಒಳಗೆ ತೂರಿಸುವ ಕಂಪ್ರೆಸರ್ ಬಳಸಿ. ತಟ್ಟೆ ಬೋಲ್ಟ್ ಹಾಕಿ ಕೂರಿಸಿದ್ದಾದರೆ, ಎದುರುಬದುರಿನ ಎರಡು ಬೋಲ್ಟ್ ತೆಗೆದು ಅಲ್ಲಿ ಉದ್ದನೆಯ ಥ್ರೆಡ್ ಕೋಲು ಹಾಕಿ, ಉಳಿದವನ್ನು ತೆಗೆದು, ನಟ್ಟುಗಳನ್ನು ಸರದಿಯಂತೆ ಸ್ವಲ್ಪಸ್ವಲ್ಪವೇ ಸಡಿಲಿಸುತ್ತಾ ತಟ್ಟೆಯನ್ನು ಕೆಳಗೆ ತನ್ನಿ. ಸ್ಪ್ರಿಂಗಿನ ಒಂದು ಸುತ್ತಿಗೆ ಸರಪಳಿ ಹಾಕಿ ಚಾಸಿಗೆ ಕಟ್ಟಿರಿ. ಮುಖವನ್ನು, ಕೈಯನ್ನು ಸ್ಪ್ರಿಂಗ್ ಹಾರಬಹುದಾದ ದಾರಿಯಲ್ಲಿ ಇಡಬೇಡಿ. ಇದರಲ್ಲಿ ಯಾವುದಾದರೂ ಒಂದು ನಿಮ್ಮ ಹತ್ತಿರ ಇಲ್ಲದಿದ್ದರೆ ಈ ಒಂದು ಕೆಲಸವನ್ನು ಗ್ಯಾರೇಜಿಗೆ ಬಿಡಿ.

ಜೋಡಿಸಿದ ಮೇಲೆ ಬ್ರೇಕ್ ಹೋಸ್ ಎಲ್ಲೂ ಉಜ್ಜುತ್ತಿಲ್ಲ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಮಡ್‌ಗಾರ್ಡಿಗೆ ತಾಗುತ್ತಿಲ್ಲ ಎಂದು ನೋಡಿ. ಬುಷ್ ಬೋಲ್ಟ್‌ಗಳನ್ನು ಹೊಸ ಎತ್ತರದಲ್ಲಿ, ಕಾರು ನೆಲದ ಮೇಲಿರುವಾಗ ಬಿಗಿಯಿರಿ. ಒಂದು ಸುತ್ತು ಅಲೈನ್‌ಮೆಂಟ್ ಮಾಡಿಸಿ, ಮೊದಲು ಕ್ಯಾಸ್ಟರ್ ಮತ್ತು ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ಓರೆ), ಕೊನೆಗೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು). ಟೋ ಮೊದಲೇ ಇಟ್ಟರೆ ಉಳಿದದ್ದನ್ನು ತಿರುಗಿಸುವಾಗ ಅದು ಹಾಳಾಗುತ್ತದೆ. ಹೊಸ ಸ್ಪ್ರಿಂಗ್ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಇನ್ನೂ ಕೆಲವು ಮಿಮೀ ಕೂರುತ್ತದೆ. ಹಾಗಾಗಿ 500 ಕಿಮೀ ಓಡಿಸಿದ ಮೇಲೆ ಎತ್ತರ ಮತ್ತೆ ಅಳೆದು, ಟೋ ಮತ್ತೊಮ್ಮೆ ನೋಡಿಸಿ. ನೀವಿರುವ ಕಡೆ ವಾಹನ ಬದಲಾವಣೆಗೆ, ವಿಮೆಗೆ ಏನು ನಿಯಮ ಇದೆ ಎಂದು ಕೆಲಸಕ್ಕೆ ಮುಂಚೆಯೇ ಕೇಳಿಕೊಳ್ಳಿ.

ನಿಮ್ಮ ಕಾರಿಗೆ ನನ್ನ ಸಲಹೆ ಇಷ್ಟು. ಬುಷ್ ಮತ್ತು ಹಿಂದಿನ ಲೀಫ್ ಸ್ಪ್ರಿಂಗ್ ಮೊದಲು. ಆಮೇಲೂ ಮೂತಿ ಎತ್ತರ ಕಂಡರೆ 25 ಮಿಮೀ, ತಟ್ಟೆ ಬಿಚ್ಚುವಂಥದ್ದಾದರೆ ಸ್ಪೇಸರ್, ಇಲ್ಲದಿದ್ದರೆ ಮಾಡಿಸಿದ ಸ್ಪ್ರಿಂಗ್. ಎಷ್ಟೋ ಕಾರುಗಳಲ್ಲಿ ಕಣ್ಣಿಗೆ ಆ 25 ಮಿಮೀ ಸಾಕಾಗುತ್ತದೆ. ಮಡ್‌ಗಾರ್ಡಿನ ಒಳಗಿನ ಕತ್ತಲೆ ಮಾಯವಾದರೆ ಕಾರು ಕೂತ ಹಾಗೆ ಕಾಣಲು ಶುರುವಾಗುತ್ತದೆ.

ಈ ವಾರ ಕಾರನ್ನು ನೆಲದ ಮೇಲೆ ನಿಲ್ಲಿಸಿ ಮೂರು ಅಳತೆ ತೆಗೆದು ಬರೆಯಿರಿ: ನಾಲ್ಕೂ ಮೂಲೆಯಲ್ಲಿ ಹಬ್ಬಿನಿಂದ ಮಡ್‌ಗಾರ್ಡಿಗೆ, ಎರಡೂ ಬದಿಯಲ್ಲಿ ಬಂಪ್ ಸ್ಟಾಪಿನ ಕೆಳಗಿನ ಖಾಲಿ ಜಾಗ, ಮತ್ತು ಒಳಗಿನ ಕೀಲಿನಿಂದ ಬಂಪ್ ಸ್ಟಾಪಿಗೆ, ಸ್ಪ್ರಿಂಗ್ ನಡುವಿಗೆ, ಬಾಲ್ ಜಾಯಿಂಟಿಗೆ ಇರುವ ದೂರ. ಬಂಪ್ ಸ್ಟಾಪಿನ ಕೆಳಗೆ ಕಾಣುವ ಜಾಗ ಚಕ್ರದ ಲೆಕ್ಕದಲ್ಲಿ ಎಷ್ಟಾಗುತ್ತದೆ ಎಂದು ತಿಳಿಯಲು ಆ ಕೊನೆಯ ಅಳತೆ ಬೇಕೇ ಬೇಕು. ಅವು ಬಂದರೆ ನಿಮ್ಮ ಕಾರಿಗೇ ಲೆಕ್ಕ ಹಾಕಿ, ಸ್ಪೇಸರ್ ಎಷ್ಟು ದಪ್ಪ ಬೇಕು ಎಂದು ಮಿಲಿಮೀಟರ್ ಲೆಕ್ಕದಲ್ಲಿ ಹೇಳುತ್ತೇನೆ.